ಟರಂಟುಲಾ ‘ಜ್ವರಕ್ಕೆ ಕೂತಿದೆ’ ಅನ್ನಬಹುದೇ? ಜೇಡ ಸಾಕುವವರ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಟರಂಟುಲಾ ಸಾಕುವ ಗೆಳೆಯರೊಬ್ಬರ ಟಿಪ್ಪಣಿಗಳನ್ನು ಕನ್ನಡಕ್ಕೆ ತರಲು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಅಂಗೈ ಅಗಲದ, ಮೈತುಂಬ ಕೂದಲಿರುವ ದೊಡ್ಡ ಜೇಡಗಳು ಗೊತ್ತಲ್ವಾ, ಅವೇ. ಅಪರೂಪದ ಜಾತಿಗಳನ್ನು ಕೂಡಿಟ್ಟು ಮರಿ ಮಾಡಿಸುವುದು ಅವರ ಹುಚ್ಚು. ಹುಚ್ಚು ಅವರದು, ಪದ ಹುಡುಕುವ ಕಷ್ಟ ನನ್ನದು.

ಜೇಡದ ಹೆಸರಿನ ಬಗ್ಗೆ ತಕರಾರಿಲ್ಲ, ಟರಂಟುಲಾ ಅಂತಲೇ ಇಟ್ಟುಕೊಂಡಿದ್ದೇನೆ. ಆ ಹೆಸರೇ ಅಡ್ಡದಾರಿಯಲ್ಲಿ ಬಂದದ್ದು. ಇಟಲಿಯ ಟಾರಾಂಟೊ ಸೀಮೆಯ ಒಂದು ತೋಳಜೇಡಕ್ಕೆ ಇದ್ದ ಹೆಸರದು. ಅಮೆರಿಕಕ್ಕೆ ಹೋದ ಯುರೋಪಿನವರು ಅಲ್ಲಿ ಕಂಡ ದೊಡ್ಡ ಜೇಡಗಳಿಗೆಲ್ಲ ಅದನ್ನೇ ಅಂಟಿಸಿಬಿಟ್ಟರು. ಈಗ ಥೆರಫೋಸಿಡೇ ಕುಟುಂಬದ ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಅದೇ ಹೆಸರು, ಮೂಲದ ಜೇಡ ಮಾತ್ರ ಆ ಕುಟುಂಬದಲ್ಲೇ ಇಲ್ಲ. ನಮ್ಮ ‘ಜೇಡ’ವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ ನೋಡಿ. ಜೇಡ ಅಂದರೆ ನೇಯುವವನು, ಜೇಡರ ದಾಸಿಮಯ್ಯನ ಜೇಡ. ಟರಂಟುಲಾಗಳು ಬೇಟೆಗೆ ಅಂತ ಬಲೆ ನೇಯುವುದು ಕಡಿಮೆ, ಬಿಲದ ಒಳಗೋಡೆಗೆ ನೂಲು ಬಳಿದುಕೊಂಡು ಬಾಗಿಲಲ್ಲಿ ಕಾದು ಕೂರುತ್ತವೆ. ಇರಲಿ.

ಮೊದಲ ತೊಡಕು ಪೊರೆ ಬಿಡುವುದರದ್ದು. ಅದನ್ನು ಮೊದಲ ಸಲ ನೋಡಿದಾಗ ಜೇಡ ಸತ್ತೇಹೋಯಿತು ಅಂತ ಗಾಬರಿಯಾಗಿದ್ದೆ. ನೂಲಿನ ಚಾಪೆ ಹಾಸಿಕೊಂಡು ಅಂಗಾತ ಬಿದ್ದಿತ್ತು, ಎಂಟೂ ಕಾಲು ಮೇಲೆ. ‘ಸತ್ತರೆ ಕಾಲು ಮೈಯಡಿಗೆ ಮುದುಡಿಕೊಂಡಿರುತ್ತೆ, ಇದು ಸತ್ತಿಲ್ಲ, ಮುಟ್ಟಬೇಡಿ’ ಅಂದರು ಗೆಳೆಯರು. ಸ್ವಲ್ಪ ಹೊತ್ತಿಗೆ ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಆಮೇಲೆ ತುಂಬುತೋಳಿನ ಒದ್ದೆ ಅಂಗಿಯಿಂದ ಕೈ ಬಿಡಿಸಿಕೊಳ್ಳುವವರ ಹಾಗೆ, ಇಷ್ಟಿಷ್ಟೇ, ನಿಂತು ನಿಂತು, ಎಲ್ಲ ಕಾಲನ್ನೂ ಹಳೆ ಚರ್ಮದಿಂದ ಎಳೆದುಕೊಳ್ಳುತ್ತಾ ಹೋಯಿತು. ಹೊಸ ಹಲ್ಲು ಹಾಲಿನಷ್ಟು ಬಿಳಿ. ಅದು ಗಟ್ಟಿಯಾಗಿ ಕಪ್ಪಾಗುವ ತನಕ ಏನೂ ತಿನ್ನಲಾರದು. ಆ ಹೊತ್ತಿಗೆ ಊಟಕ್ಕೆಂದು ಬಿಟ್ಟ ಹುಳು ಡಬ್ಬಿಯಲ್ಲಿ ಉಳಿದಿದ್ದರೆ, ಹುಳುವೇ ಜೇಡವನ್ನು ಕಚ್ಚಿ ತಿಂದೀತು.

ಕಳಚಿಬಿದ್ದ ಚರ್ಮಕ್ಕೆ ‘ಪೊರೆ’ ಸರಿಯೇ ಸರಿ. ಹಾವಿಗೆ ಇರುವ ಪದ ಜೇಡಕ್ಕೂ ನಡೆಯುತ್ತೆ. (ಹಳಗನ್ನಡದಲ್ಲಿ ಪೊರೆ ಅಂದರೆ ಸಾಕು, ಸಲಹು ಅಂತಲೂ ಇದೆಯಲ್ಲ, ಪೊರೆಯುವವರಿಗೆ ಪೊರೆಯೇ ಚಿಂತೆ. ಸುಮ್ನೆ ಹೇಳಿದೆ.) ಕಷ್ಟ ಇರುವುದು ಪೊರೆ ಬಿಡುವ ಮುಂಚಿನ ದಿನಗಳದ್ದು. ಜೇಡ ಊಟ ಬಿಡುತ್ತೆ, ಬಣ್ಣ ಮಂಕಾಗುತ್ತೆ, ಬಿಲದ ಬಾಯಿ ಮುಚ್ಚಿಕೊಂಡು ಒಳಗೆ ಕೂರುತ್ತೆ. ಕೆಲವಕ್ಕೆ ವಾರಗಟ್ಟಲೆ, ದೊಡ್ಡವಕ್ಕೆ ತಿಂಗಳುಗಟ್ಟಲೆ. ಸಾಕುವವರು ‘ಪ್ರೀಮೋಲ್ಟ್’ ಅಂತಾರೆ. ನಾನು ‘ಪೊರೆಪೂರ್ವ ಸ್ಥಿತಿ’ ಅಂತ ಬರೆದು, ನನಗೇ ನಗು ಬಂದು ಹೊಡೆದುಹಾಕಿದೆ.

ಆಗ ನೆನಪಾದದ್ದು ರೇಷ್ಮೆ ಹುಳು ಸಾಕುವವರ ಮಾತು. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತರೆ ‘ಜ್ವರಕ್ಕೆ ಕೂತಿದೆ’ ಅಂತಾರೆ. ಪೊರೆ ಬಿಟ್ಟು ಎದ್ದರೆ ‘ಜ್ವರದಿಂದ ಎದ್ದಿದೆ’. ಒಂದನೇ ಜ್ವರ, ಎರಡನೇ ಜ್ವರ ಅಂತ ಲೆಕ್ಕವೂ ಇದೆ, ಒಟ್ಟು ನಾಲ್ಕು. ಇದಕ್ಕಿಂತ ಒಳ್ಳೇ ಪದ ನಾನು ಎಲ್ಲಿಂದ ತರಲಿ? ಊಟ ಬಿಡುವುದು, ಮಂಕಾಗುವುದು, ಮುಟ್ಟಬಾರದು ಅನ್ನುವುದು, ಎಲ್ಲ ಆ ಒಂದೇ ಮಾತಿನಲ್ಲಿದೆ. ಹೆದರಿಕೆ ಒಂದೇ. ರೇಷ್ಮೆಯ ಗಂಧ ಇಲ್ಲದವರು ‘ಜೇಡಕ್ಕೆ ಜ್ವರ’ ಅಂತ ಓದಿ ಕಾಯಿಲೆ ಅಂದುಕೊಂಡು, ಡಬ್ಬಿ ತೆಗೆದು ಉಪಚಾರಕ್ಕೆ ಇಳಿದರೆ? ಜೇಡ ಸಾಯುವುದು ಹಾಗೇ.

ಈ ಪದದ ಮೇಲೆ ಇಷ್ಟು ಜೋತು ಬೀಳಲು ಕಾರಣ ಇದೆ. ಹೆಣ್ಣು ಟರಂಟುಲಾ ಬಲಿತ ಮೇಲೂ ಪೊರೆ ಬಿಡುತ್ತಲೇ ಇರುತ್ತೆ. ಬ್ರಾಕಿಪೆಲ್ಮಾ ಕುಲದ ಹೆಣ್ಣುಗಳು 20 ವರ್ಷ ದಾಟುವುದುಂಟು. ಗಂಡಿನ ಬೀಜವನ್ನು ಕೂಡಿಟ್ಟುಕೊಳ್ಳಲು ಹೆಣ್ಣಿನ ಒಳಗೊಂದು ಚೀಲವಿದೆ. ಪೊರೆ ಬಿಡುವಾಗ ಆ ಚೀಲದ ಒಳಪದರವೂ ಕಳಚಿಬರುತ್ತೆ, ಬೀಜವೂ ಅದರ ಜೊತೆ ಹೋಗುತ್ತೆ. ಗಂಡನ್ನು ಬಿಟ್ಟು ಜೋಡಿ ಮಾಡಿಸಿ ತಿಂಗಳಾದ ಮೇಲೆ ಹೆಣ್ಣು ಜ್ವರಕ್ಕೆ ಕೂತಿತೋ, ಅಷ್ಟೂ ನೀರಲ್ಲಿ ಮಾಡಿದ ಹೋಮ. ಅಂದಹಾಗೆ ಮರಿ ಹೆಣ್ಣೋ ಗಂಡೋ ಅಂತ ಹೇಳುವುದೂ ಪೊರೆ ನೋಡಿಯೇ. ಒದ್ದೆ ಮಾಡಿ ಬಿಡಿಸಿ ಆ ಚೀಲದ ಗುರುತು ಹುಡುಕುತ್ತಾರೆ.

ಗಂಡಿನದು ಬೇರೆ ಕತೆ. ಕಡೆಯ ಪೊರೆ ಬಿಟ್ಟ ಮೇಲೆ ಅದಕ್ಕೆ ಉಳಿಯುವುದು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಸಣ್ಣ ಬಲೆ ಕಟ್ಟಿ, ಅದರ ಮೇಲೆ ಬೀಜದ ಹನಿ ಬಿಟ್ಟು, ಬಾಯಿಯ ಪಕ್ಕದ ಕಿರುಕಾಲುಗಳ ತುದಿಯ ಬುರುಡೆಗೆ ಹೀರಿಕೊಂಡು ಹೆಣ್ಣನ್ನು ಹುಡುಕಿ ಹೊರಡುತ್ತೆ. ಊಟದ ಮೇಲೆ ಆಸೆಯೇ ಇರುವುದಿಲ್ಲ. ಇದಕ್ಕೆ ‘ಪ್ರೌಢ ಗಂಡು’ ಅಂತ ಬರೆದಿದ್ದೆ, ಪ್ರೌಢಶಾಲೆ ನೆನಪಾಗುತ್ತೆ. ಇಲ್ಲೂ ರೇಷ್ಮೆಯವರೇ ಗತಿ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಅವರು ‘ಹಣ್ಣಾಗಿದೆ’ ಅಂತಾರೆ. ‘ಹಣ್ಣಾದ ಗಂಡು’ ಅಂದರೆ ಹೇಗೆ? ಹಣ್ಣಾದ ಮುದುಕ, ಸೋತು ಹಣ್ಣಾಗು ಅನ್ನುವಾಗಿನ ಅರ್ಥವೂ ಅದರಲ್ಲಿ ಸೇರಿಕೊಳ್ಳುತ್ತೆ. ಸೇರಿಕೊಳ್ಳಲಿ, ನನಗದೇ ಬೇಕು. ಬಲಿತದ್ದೂ ಹೌದು, ಮುಗಿಯುತ್ತಾ ಬಂದದ್ದೂ ಹೌದು.

ಒಂದೇ ಮೊಟ್ಟೆಚೀಲದ ಮರಿಗಳಲ್ಲಿ ಗಂಡು ಬೇಗ ಹಣ್ಣಾಗುತ್ತೆ, ಹೆಣ್ಣಿಗೆ ಇನ್ನೂ ವರ್ಷಗಳು ಬೇಕಾಗಬಹುದು. ಹೆಣ್ಣು ತಯಾರಾಗುವಷ್ಟರಲ್ಲಿ ಅಣ್ಣತಮ್ಮಂದಿರೆಲ್ಲ ಸತ್ತಿರುತ್ತಾರೆ. ಅದಕ್ಕೇ ಗಂಡನ್ನು ತಂಪಲ್ಲಿಟ್ಟು ಊಟ ಕಡಿಮೆ ಮಾಡುತ್ತಾರೆ, ಹೆಣ್ಣಿಗೆ ಬೆಚ್ಚಗಿಟ್ಟು ಜಾಸ್ತಿ ತಿನ್ನಿಸುತ್ತಾರೆ. ಸಾಮಾನ್ಯ ಜಾತಿಯಾದರೆ ಬೇರೆ ಗಂಡು ಸಿಕ್ಕೀತು. ಅಪರೂಪದ್ದಾದರೆ ಎಲ್ಲೋ ದೂರದಲ್ಲಿ ಒಬ್ಬರ ಹತ್ತಿರ ಒಂದು ಗಂಡು ಇರುತ್ತೆ. ಅದನ್ನು ಕಳಿಸಿಕೊಟ್ಟು, ಹುಟ್ಟಿದ ಮರಿಗಳಲ್ಲಿ ಭಾಗ ತೆಗೆದುಕೊಳ್ಳುವ ಒಪ್ಪಂದ ನಡೆಯುತ್ತೆ. ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕುರಿ ಪಾಲಿಗೆ ಕೊಡುವುದು ಅಂತಾರಲ್ಲ, ಹಾಗೆ ‘ಗಂಡು ಪಾಲಿಗೆ ಕೊಟ್ಟರು’ ಅಂತ ಬರೆದೆ. ಎಷ್ಟೋ ಸಲ ಮೊದಲ ಭೇಟಿಯಲ್ಲೇ ಹೆಣ್ಣು ಅದನ್ನು ತಿಂದುಬಿಡುತ್ತೆ, ಪಾಲು ಅಲ್ಲಿಗೇ ಮುಗಿಯಿತು.

ಉಳಿದವು ಬೇಗ ಬೇಗ ಹೇಳುತ್ತೇನೆ. ಗಂಡು ಕೂಡದೆಯೂ ಹೆಣ್ಣು ಒಮ್ಮೊಮ್ಮೆ ಮೊಟ್ಟೆಚೀಲ ಕಟ್ಟುತ್ತೆ, ಅದು ‘ಜೊಳ್ಳು ಚೀಲ’. ತಾಯಿ ಕಾರಣವೇ ಇಲ್ಲದೆ ಚೀಲ ತಿಂದುಬಿಡುವುದುಂಟು. ಅದಕ್ಕೇ ಸುಮಾರು 30 ದಿನಕ್ಕೆ ಅದನ್ನು ಕಿತ್ತುಕೊಂಡು, ಬೆಚ್ಚಗಿನ ಡಬ್ಬಿಯಲ್ಲಿಟ್ಟು, ಮೊಟ್ಟೆಗಳು ಅಂಟದಂತೆ ಹೊರಳಿಸುತ್ತಾ ‘ಕಾವು ಕೊಡುತ್ತಾರೆ’. ಒಂದು ಹಂತದಲ್ಲಿ ಮೊಟ್ಟೆಗೇ ಕಾಲು ಮೂಡಿದ ಹಾಗೆ ಕಾಣುತ್ತೆ. ಅದಕ್ಕೆ ನಾನು ಕೊಟ್ಟ ಹೆಸರು ‘ಕಾಲ್ಮೊಟ್ಟೆ’. ಬೈಯುವವರು ಬೈಯಬಹುದು.

ಈಗ ನಿಜವಾದ ಪ್ರಶ್ನೆ. ಕ್ಯಾಪ್ಟಿವ್ ಬ್ರೀಡಿಂಗ್ ಅನ್ನುವುದಕ್ಕೆ ಪತ್ರಿಕೆಗಳಲ್ಲಿ ‘ಬಂಧನದಲ್ಲಿ ಸಂತಾನೋತ್ಪತ್ತಿ’ ಅಂತ ಬರುತ್ತೆ. ಜೇಡವನ್ನು ಪೊಲೀಸರು ಹಿಡಿದ ಹಾಗಿದೆ. ಅದಕ್ಕಿಂತ ದೊಡ್ಡ ದೋಷ, ಬೇರೆ ಬೇರೆ ಸಂಗತಿಗಳನ್ನು ಅದು ಒಂದೇ ಮಾಡಿಬಿಡುತ್ತೆ. ಸಾಕಿದ ಅಪ್ಪ ಅಮ್ಮನಿಗೆ ಡಬ್ಬಿಯಲ್ಲೇ ಹುಟ್ಟಿದ ಮರಿ ಒಂದು ಬಗೆ. ಕಾಡಿಂದ ಹಿಡಿದು ತಂದ ಹೆಣ್ಣು ಮೊದಲೇ ಬೀಜ ಹೊತ್ತಿದ್ದು, ಡಬ್ಬಿಗೆ ಬಂದ ಮೇಲೆ ಚೀಲ ಕಟ್ಟಿದರೆ ಆ ಮರಿಗಳು ಇನ್ನೊಂದು ಬಗೆ. ಎರಡನೆಯದಕ್ಕೆ ‘ಬಂಧನದಲ್ಲಿ ಹುಟ್ಟಿದ್ದು’ ಅಂತ ಚೀಟಿ ಹಚ್ಚಿದರೆ ಸುಳ್ಳಲ್ಲ, ಆದರೆ ಅದರ ಹಿಂದೆ ಕಾಡಲ್ಲಿ ಒಂದು ತಾಯಿ ಕಡಿಮೆಯಾಗಿದೆ. ಕಾಡಿನ ಪ್ರಾಣಿ, ಗಿಡಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಕಾಗದಗಳಲ್ಲಿ ಕಾಡಿನದಕ್ಕೆ ಡಬ್ಲ್ಯೂ, ನಿಜವಾಗಿ ಸಾಕಿ ಬೆಳೆಸಿದ ತಳಿಗೆ ಸಿ, ಡಬ್ಬಿಯಲ್ಲಿ ಹುಟ್ಟಿಯೂ ಆ ಅಳತೆಗೆ ಮುಟ್ಟದ್ದಕ್ಕೆ ಎಫ್ ಅಂತ ಬೇರೆ ಬೇರೆ ಅಕ್ಷರಗಳೇ ಇವೆ. ಕನ್ನಡದಲ್ಲಿ ಸಿ, ಎಫ್ ಎರಡಕ್ಕೂ ಒಂದೇ ಬಂಧನ.

‘ಅಪರೂಪ’ವೂ ಇದೇ ಜಾತಿಯ ತಲೆನೋವು. ನೀಲಿ ಬಣ್ಣದ ಪೆಸಿಲೋಥೀರಿಯಾ ಮೆಟಾಲಿಕಾ ಇದೆಯಲ್ಲ, 1899ರಲ್ಲಿ ಆಂಧ್ರದ ಗುತ್ತಿಯಲ್ಲಿ ಸಿಕ್ಕಿದ್ದು. ರೈಲಿನಲ್ಲಿ ಮರದ ದಿಮ್ಮಿಗಳ ಜೊತೆ ಅಲ್ಲಿಗೆ ಬಂದಿರಬೇಕು ಅನ್ನುತ್ತಾರೆ, ಯಾಕಂದರೆ ಅದರ ಕಾಡು ಇರುವುದು ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ, ನಂದ್ಯಾಲ ಮತ್ತು ಗಿದ್ದಲೂರಿನ ನಡುವೆ. ಕಾಡಲ್ಲಿ ಅದು ಅಳಿವಿನ ಅಂಚಿನಲ್ಲಿದೆ, ಹೊರದೇಶಗಳ ಡಬ್ಬಿಗಳಲ್ಲಿ ಬೇಕಾದಷ್ಟಿದೆ. 2019ರಲ್ಲಿ ಆ ಕುಲವನ್ನೇ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿಸಿದರು. ಇದು ಅಪರೂಪವೋ ಅಲ್ಲವೋ? ಕಾಡಲ್ಲಿ ಇಲ್ಲದ್ದಕ್ಕೆ ‘ವಿರಳ’, ಸಾಕುವವರ ಕೈಗೆ ಸಿಗದ್ದಕ್ಕೆ ‘ಅಪರೂಪ’ ಅಂತ ಹಂಚಿಕೊಂಡಿದ್ದೇನೆ. ಇನ್ನು ಬ್ರಾಕಿಪೆಲ್ಮಾ ಸ್ಮಿಥಿ ಅಂತ ಎಷ್ಟೋ ಜನ ಸಾಕಿಕೊಂಡಿದ್ದದ್ದು ಬ್ರಾಕಿಪೆಲ್ಮಾ ಹಮೋರಿ ಅಂತ 2017ರಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಯಾರು ಯಾವುದಕ್ಕೆ ಯಾವುದನ್ನು ಜೋಡಿ ಮಾಡಿದ್ದರೋ. ಅಂಥ ಮರಿಗೆ ನಮ್ಮಲ್ಲಿ ಪದ ಸಿದ್ಧವಾಗಿದೆ, ಬೆರಕೆ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ಇಷ್ಟು. ಕಾಡಿಂದ ಹಿಡಿದು ತಂದದ್ದು ‘ಕಾಡುಹುಟ್ಟು’. ಎರಡೂ ಕಡೆ ಸಾಕಿದ ಅಪ್ಪ ಅಮ್ಮ ಇದ್ದರೆ ‘ಸಾಕುತಳಿ’. ‘ಸಾಕುಮರಿ’ ಅನ್ನಲು ಹೊರಟಿದ್ದೆ, ಸಾಕುಮಗ ಅಂದರೆ ಬೇರೆಯವರಿಗೆ ಹುಟ್ಟಿದವನು ಅಂತಾಗಿ ಅರ್ಥ ತಲೆಕೆಳಗಾಗುತ್ತೆ. ಬೀಜ ಹೊತ್ತು ಬಂದ ಕಾಡು ಹೆಣ್ಣಿನ ಮರಿಗಳಿಗೆ ‘ಹೊತ್ತುತಂದ ಮರಿ’ ಅಂತ ಬರೆದಿದ್ದೇನೆ, ಯಾರು ಹೊತ್ತುತಂದರು, ತಾಯಿಯೋ ಮನುಷ್ಯರೋ ಅಂತ ಗೆಳೆಯರು ಕೇಳಿದರು. ಇದಕ್ಕಿಂತ ಚುರುಕಾದ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ. ರೇಷ್ಮೆ, ಜೇನು, ಮೀನು ಸಾಕುವವರು ಇಂಥದಕ್ಕೆ ಏನಂತಾರೆ ಅಂತ ಗೊತ್ತಿದ್ದವರು ಖಂಡಿತ ಹೇಳಿ.