ಪೇಂಟ್‌ಬಾಲ್: ಔಟ್ ಆದವರಿಗೂ ಹೊಡೆಯೋದನ್ನ ತಡೆಯೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಹದಿನೈದು ಜನ ಗೆಳೆಯರು ಆಗಾಗ ಬೆಂಗಳೂರಿನ ಹೊರಗೆ ಪೇಂಟ್‌ಬಾಲ್ (ಬಣ್ಣ ತುಂಬಿದ ಪುಟ್ಟ ಬಾಲ್‌ಗಳನ್ನ ಗನ್ನಿನಿಂದ ಹೊಡೆದು ಎದುರು ತಂಡದವರನ್ನ ಔಟ್ ಮಾಡೋ ಆಟ) ಆಡುತ್ತೇವೆ. ಹೋದ ಭಾನುವಾರ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮೊದಲ ಸಲ ಬಂದ ಹುಡುಗಿ ಡ್ರಮ್ ಹಿಂದೆ ಕೂತಿದ್ದಳು. ಭುಜಕ್ಕೆ ಬಾಲ್ ಬಡಿದು ಬಣ್ಣ ಚೆಲ್ಲಿತು. ಗನ್ ಮೇಲೆತ್ತಿ "ಔಟ್" ಅಂತ ಕೂಗಿ ಎದ್ದಳು. ಆದರೂ ಎದುರು ತಂಡದವನು ಹತ್ತಡಿ ದೂರದಿಂದ ಇನ್ನೂ ಐದಾರು ಹೊಡೆದ. ಬೆನ್ನ ಮೇಲೆ ರೂಪಾಯಿ ಅಗಲದ ಬಾವು, ಸುತ್ತ ಬಳೆಯ ಹಾಗೆ ಕೆಂಪು. ಕೇಳಿದರೆ, "ನೋವಾಗುತ್ತೆ ಅಂದ್ರೆ ಯಾಕೆ ಬರ್ತೀರಾ?" ಅಂದ. ಆ ಗಲಾಟೆಯಲ್ಲಿ ಇಬ್ಬರು ಮೈದಾನದ ಒಳಗೇ ಮಾಸ್ಕ್ ತೆಗೆದರು! ಉಳಿದವರು ಗನ್ನಿನ ಬಾಯಿಗೆ ಇನ್ನೂ ಕವರ್ ಹಾಕಿರಲಿಲ್ಲ. ನನಗೆ ಜೀವವೇ ಹೋದ ಹಾಗಾಯ್ತು. ಸೆಕೆಂಡಿಗೆ ಸುಮಾರು 280 ಅಡಿ ವೇಗದಲ್ಲಿ ಬರೋ ಬಾಲ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಅಲ್ವಾ?

ಓಡುವಾಗ ಒಂದರ ಹಿಂದೆ ಎರಡು ಮೂರು ಬೀಳೋದು ಸಹಜ, ಅದು ತಪ್ಪಲ್ಲ. ಕೈ ಎತ್ತಿದ ಮೇಲೂ ಹೊಡೆಯೋದು ಬೇರೆ. ಇದ್ದ ಒಬ್ಬ ರೆಫರಿ ಫೋನಿನಲ್ಲಿದ್ದ. ಕ್ರೋನೋಗ್ರಾಫ್ ಅನ್ನೋ ಯಂತ್ರದಲ್ಲಿ ಗನ್ನಿನಿಂದ ಬರೋ ಬಾಲಿನ ವೇಗವನ್ನೂ ಅಳೆದಿರಲಿಲ್ಲ.

ಆಡಿ ಅನುಭವ ಇರುವವರು ದಯವಿಟ್ಟು ಹೇಳಿ. ತೀರಾ ಹತ್ತಿರ ಸಿಕ್ಕವರಿಗೆ ಹೊಡೆಯದೆ "ಸರೆಂಡರ್" ಕೇಳೋ ನಿಯಮ ನಿಮ್ಮಲ್ಲಿ ನಡೆಯುತ್ತಾ? ಎಷ್ಟು ಅಡಿ ಇಟ್ಟುಕೊಂಡಿದ್ದೀರಿ? ತಪ್ಪು ಮಾಡಿದವರನ್ನ ಒಂದು ಆಟ ಹೊರಗೆ ಕೂರಿಸ್ತೀರಾ, ಇಲ್ಲ ಮನೆಗೇ ಕಳಿಸ್ತೀರಾ? ಅವತ್ತು ಹೊಡೆದವನು ನಮ್ಮ ಗೆಳೆಯನ ತಮ್ಮ, ಸುಮ್ನೆ ಮನಸ್ತಾಪ ಬೇಡ. ಆದರೆ ಮಾಸ್ಕ್ ವಿಷಯದಲ್ಲಿ ನಾನು ಒಂದು ಚೂರೂ ಬಿಟ್ಟುಕೊಡಲ್ಲ. ತಿಂಗಳ ಕೊನೆಗೆ ಮತ್ತೆ ಆಟ ಇದೆ, ಅಷ್ಟರೊಳಗೆ ಉತ್ತರ ಸಿಕ್ಕರೆ ತುಂಬಾ ಉಪಕಾರ.