ಪದಚರ್ಚೆ: ಚೆಸ್ ಪ್ರೋಗ್ರಾಮಿನ ‘ಪ್ಲೈ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಪೈಥಾನ್‌ನಲ್ಲಿ ಚೆಸ್ ಆಟವನ್ನು ಹಂತಹಂತವಾಗಿ ಬರೆಯುವ ಕೈಪಿಡಿಯೊಂದು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮಣೆ, ಮನೆ, ಕಾಯಿ, ಕಾಲಾಳು ಇವೆಲ್ಲ ಗಟ್ಟಿಯಾಗಿವೆ. ಸಿಕ್ಕಿಕೊಂಡಿರುವುದು ‘ಪ್ಲೈ’. ಒಬ್ಬರು ಒಂದು ಸಲ ಕಾಯಿ ನಡೆಸಿದರೆ ಒಂದು ಪ್ಲೈ. ಬಿಳಿ, ಕಪ್ಪು ಎರಡೂ ಆಡಿದರೆ ಒಂದು ಮೂವ್. ಕರಡಿನಲ್ಲಿ ಎರಡಕ್ಕೂ ‘ನಡೆ’ ಎಂದೇ ಇದೆ.

ನಡೆ ಹುಟ್ಟಿಸುವ ಕೋಡ್ ಸರಿಯಿದೆಯೇ ಎಂದು ಎಣಿಸಿ ನೋಡುವ ಅಧ್ಯಾಯದಲ್ಲಿ ಇದು ಕೈಕೊಡುತ್ತದೆ. ಆಟದ ಆರಂಭದಿಂದ ಆಡಬಹುದಾದ ಬಗೆಗಳು 1 ಪ್ಲೈಗೆ 20, 2ಕ್ಕೆ 400, 3ಕ್ಕೆ 8902, 4ಕ್ಕೆ 197281 ಬರಬೇಕು. ‘2 ನಡೆ’ ಎಂದು ಓದಿದವರು 400 ಬಂದಾಗ ಸರಿ ಎನ್ನಬೇಕೋ, 197281 ಬರಲಿಲ್ಲವೆಂದು ಸರಿಯಾದ ಕೋಡನ್ನೇ ತಿದ್ದಲು ಕೂರಬೇಕೋ? ‘ಅರೆನಡೆ’ ಆದೀತೆ?

ಮರು:

ಆಗದು. ಅರೆಬೆಂದ, ಅರೆಮನಸ್ಸು, ಅರೆಬರೆ. ‘ಅರೆ’ ಸೇರಿದರೆ ಕೆಲಸ ಪೂರ್ತಿಯಾಗಿಲ್ಲ ಎಂದರ್ಥ. ಕುದುರೆ ಹೋಗಿ ಮನೆಯಲ್ಲಿ ಕೂತ ಮೇಲೆ ಅದು ಅರೆ ಹೇಗಾಯಿತು?

ಪ್ಲೈ ಅಂದರೆ ಮೂಲದಲ್ಲಿ ಮಡಿಕೆ. ಆರ್ಥರ್ ಸ್ಯಾಮ್ಯುಯೆಲ್ 1959ರಲ್ಲಿ ಚೆಕರ್ಸ್ ಪ್ರೋಗ್ರಾಮಿನ ಪ್ರಬಂಧದಲ್ಲಿ ಬಳಸಿದ್ದೂ ಒಂದರ ಕೆಳಗೊಂದು ಪದರ ಎಂಬ ಅರ್ಥದಲ್ಲೇ. ನಮ್ಮಲ್ಲಿ ‘ಮಡಿ’ ಇದೆಯಲ್ಲ: ಇಮ್ಮಡಿ, ಮುಮ್ಮಡಿ, ನಾಲ್ಮಡಿ. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದ ದೊರೆಯ ಹೆಸರಲ್ಲೇ ‘ಮುಮ್ಮಡಿ’ ಇದೆ. ಪ್ರೋಗ್ರಾಮು 6 ಪ್ಲೈ ಮುಂದೆ ನೋಡಿದರೆ ‘ಆಳ: ಆರ್ಮಡಿ’ ಎಂದು ಹಾಕಿ.

ಮರು:

ಆರ್ಮಡಿ ಎಂದರೆ ಆರು ಪಟ್ಟು. ‘ಆಳ ಆರ್ಮಡಿ’ ಎಂದರೆ ಯಾವುದರ ಆರು ಪಟ್ಟು ಎಂದು ಓದುಗರು ಕೇಳುತ್ತಾರೆ. ವ್ಯುತ್ಪತ್ತಿ ಚೆಂದ, ಪದ ಕೆಲಸಕ್ಕೆ ಬಾರದು.

ಎಲ್ಲರೂ ಪ್ಲೈ ಹಿಂದೆ ಬಿದ್ದಿದ್ದೀರಿ, ತೊಡಕಿರುವುದು ಮೂವ್‌ನಲ್ಲಿ. ‘ಈಗ ನಿನ್ನ ನಡೆ’ ಎನ್ನುವಾಗ ಕನ್ನಡಿಗರ ಮನಸ್ಸಿನಲ್ಲಿರುವುದು ಪ್ಲೈಯೇ. ಅದು ‘ನಡೆ’ಯಾಗಿಯೇ ಇರಲಿ; ಬಿಳಿ-ಕಪ್ಪು ಕೂಡಿದ್ದಕ್ಕೆ ‘ಜೋಡಿನಡೆ’ ಎನ್ನಿ. ಮಣೆಯ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆದಿಡುವ ಫೆನ್‌ನ ಕೊನೆಯ ಎರಡು ಅಂಕಿಗಳಲ್ಲಿ ಹಾಕಿ ನೋಡಿ. ಆರಂಭದಲ್ಲಿ ‘0 1’. ಬಿಳಿ ಕುದುರೆ ಎಫ್3ಕ್ಕೆ ಬಂದರೆ ‘1 1’. ಕಪ್ಪು ಕುದುರೆ ಎಫ್6ಕ್ಕೆ ಬಂದರೆ ‘2 2’. ಬಿಳಿ ಕಾಲಾಳು ಇ4ಕ್ಕೆ ಹೋದರೆ ‘0 2’. ಮೊದಲನೆಯದು ನಡೆಯ ಲೆಕ್ಕ: ಕಾಲಾಳು ನಡೆದರೆ ಅಥವಾ ಕಾಯಿ ಹೊಡೆದರೆ ಸೊನ್ನೆಗೆ ಇಳಿಯುತ್ತದೆ. ಎರಡನೆಯದು ಜೋಡಿನಡೆಯ ಕ್ರಮಸಂಖ್ಯೆ: ಕಪ್ಪು ಆಡಿದ ಮೇಲಷ್ಟೇ ಏರುತ್ತದೆ. ಕಾಲಾಳು ನಡೆಯದೆ, ಕಾಯಿ ಹೊಡೆಯದೆ 50 ಜೋಡಿನಡೆ ಕಳೆದರೆ ಡ್ರಾ ಕೇಳಬಹುದೆಂಬ ನಿಯಮವನ್ನು ಮೊದಲ ಅಂಕಿಯಿಂದ ನೋಡುವುದಾದರೆ 100ಕ್ಕೆ ಹೋಲಿಸಬೇಕು. 50ಕ್ಕೆ ಹೋಲಿಸಿದರೆ ಗೆಲ್ಲುವ ಆಟ ಅರ್ಧದಾರಿಯಲ್ಲೇ ಡ್ರಾ ಆಗುತ್ತದೆ.

ಮರು:

‘ಜೋಡಿ’ ಎರವಲು. ಹಳಗನ್ನಡದ ‘ಎಣೆ’ ಇರುವಾಗ ಅದೇಕೆ? ಎಣೆವಕ್ಕಿ ಇದ್ದಂತೆ ಎಣೆನಡೆ. ಹೀಗೆ ಒಂದೊಂದನ್ನೇ ಒಳಗೆ ಬಿಟ್ಟುಕೊಂಡರೆ ನಾಳೆ ಆನೆಗೂ ರೂಕ್ ಎನ್ನುತ್ತೀರಿ.

ಮರು:

ರೂಕ್ ಕೂಡ ಪಾರಸಿಯ ರುಖ್, ಇಂಗ್ಲಿಷಿನ ಸ್ವಂತದ್ದಲ್ಲ. ಚೆಕ್ ಬಂದದ್ದು ಶಾಹ್‌ನಿಂದ. ಚದುರಂಗವೇ ಸಂಸ್ಕೃತದ ಚತುರಂಗದ ತದ್ಭವ. ಈ ಆಟ ಎರವಲಿನ ಮೇಲೆಯೇ ಊರೂರು ಸುತ್ತಿದೆ. ಜೋಡೆತ್ತು ಎನ್ನುವ ಊರಿನಲ್ಲಿ ಜೋಡಿನಡೆಗೆ ಯಾರೂ ಅರ್ಥ ಕೇಳುವುದಿಲ್ಲ. ಎಣೆನಡೆಗೆ ಅಡಿಟಿಪ್ಪಣಿ ಬೇಕು.

ಆನೆಯ ಮಾತು ಬಂದಿದ್ದರಿಂದ ಇನ್ನೊಂದು. ರಷ್ಯನ್ನಿನಲ್ಲಿ ಆನೆ ಎಂದರೆ ನಮ್ಮ ಒಂಟೆ, ಮೂಲೆಯಿಂದ ಮೂಲೆಗೆ ಓಡುವ ಕಾಯಿ. ಅಲ್ಲಿಯ ಕೋಡಿನ ಟಿಪ್ಪಣಿ ನೋಡಿ ಅನುವಾದಿಸಿದ್ದರೆ ಪ್ರೋಗ್ರಾಮು ಕಾಯಿಗಳಿಗೆ ಕಟ್ಟುವ ಬೆಲೆಯಲ್ಲಿ ಒಂಟೆಯ 330 ಆನೆಗೆ, ಆನೆಯ 500 ಒಂಟೆಗೆ ಬಿದ್ದಿರುತ್ತದೆ. ಪಟ್ಟಿ ತೆಗೆದು ನೋಡಿ.

ಮರು:

ಬೆಲೆಪಟ್ಟಿ ನೋಡಿದ್ದಾಯಿತು, ಸರಿಯಿದೆ. ನಡೆ, ಜೋಡಿನಡೆ ಎಂದೇ ಹಾಕಲಾಗುತ್ತಿದೆ. ‘3ರಲ್ಲಿ ಚೆಕ್‌ಮೇಟ್’ ಎಂದು ತೋರಿಸುವ ಸಾಲೂ ಇದರಿಂದ ಬಿಡಿಸಿಕೊಂಡಿತು: ನಡೆ ಹುಡುಕುವ ಭಾಗವಾದ ಎಂಜಿನ್ 5 ನಡೆ ಎನ್ನುತ್ತದೆ, 1 ಕೂಡಿಸಿ 2ರಿಂದ ಭಾಗಿಸಿದರೆ 3. ಕೂಡಿಸುವುದನ್ನು ಬಿಟ್ಟದ್ದರಿಂದ ಕರಡಿನಲ್ಲಿ 2 ಬರುತ್ತಿತ್ತು. ಕರಡು ತಿದ್ದುವವರು ‘ಮಣೆ’, ‘ಮನೆ’ ಅದಲುಬದಲಾಗಿವೆಯೇ ಎಂದು ಇನ್ನೊಮ್ಮೆ ನೋಡಿಕೊಡಬೇಕು. 14ನೇ ಪುಟದಲ್ಲಿ ‘64 ಮಣೆಗಳು’ ಎಂದಾಗಿದೆ.