ಪದಚರ್ಚೆ: ‘ಫ್ಲೈಯಿಂಗ್ ಬಟ್ರೆಸ್’ಗೆ ಕನ್ನಡದಲ್ಲಿ ಏನು? (ಕ್ಯೋಲ್ನ್ ಕೆಥೀಡ್ರಲ್ ನಕ್ಷೆಗೆ, ತುರ್ತು)

ಸು.ರಾ.:
ಎಲ್ಲರಿಗೂ ನಮಸ್ಕಾರ. ಜರ್ಮನಿಯ ಕ್ಯೋಲ್ನ್ ಕೆಥೀಡ್ರಲ್ (ಬಿಷಪ್ಪರ ಮುಖ್ಯ ಚರ್ಚು) ನೋಡಲು ಹೋಗುವ ಕನ್ನಡಿಗರಿಗಾಗಿ ಮಾಡುತ್ತಿರುವ ಕೈಪಿಡಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ನಕ್ಷೆಯ ಮೇಲಿನ ಐದು ಹೆಸರು ಬಾಕಿ: ಫ್ಲೈಯಿಂಗ್ ಬಟ್ರೆಸ್ (ಗೋಡೆಗೆ ಹೊರಗಿನಿಂದ ಆಸರೆಯಾಗುವ ಅರ್ಧ ಕಮಾನು), ನೇವ್ (ಕಟ್ಟಡದ ನಡುವಿನ ಉದ್ದನೆಯ ಭಾಗ), ಕ್ವಾಯರ್ (ಪಾದ್ರಿಗಳು ಕೂತು ಹಾಡುವ ಭಾಗ), ಆಂಬ್ಯುಲೇಟರಿ (ಅದರ ಸುತ್ತಲಿನ ದಾರಿ), ಗಾರ್ಗಾಯ್ಲ್ (ಮಳೆನೀರು ಉಗುಳುವ ಶಿಲ್ಪ). ಒಂದೊಂದಕ್ಕೆ ಎರಡು ಪದದಷ್ಟೇ ಸ್ಥಳ. ಕರಡಿನಲ್ಲಿ ಕ್ರಮವಾಗಿ ‘ಹಾರುವ ಊರೆಗೋಡೆ’, ‘ನವರಂಗ’, ‘ಗರ್ಭಗುಡಿ’, ‘ಪ್ರದಕ್ಷಿಣಾಪಥ’, ‘ವಿಕಾರಮುಖ’ ಎಂದಿದೆ. ಮುಖಪುಟದ ಶೀರ್ಷಿಕೆ ‘ಕ್ಯೋಲ್ನ್ ಗುಮ್ಮಟ’. ಇವು ನಡೆಯುತ್ತವೆಯೇ?

ಕೆ.ವಿ.:
ಮೊದಲು ಆ ಶೀರ್ಷಿಕೆಯನ್ನು ಹೊಡೆದುಹಾಕಿ. ಈ ಕೆಥೀಡ್ರಲ್‌ನ ಜರ್ಮನ್ ಹೆಸರಿನಲ್ಲಿರುವ ‘ಡೋಮ್’ ಗುಮ್ಮಟವಲ್ಲ. ಮನೆ ಎಂಬರ್ಥದ ಲ್ಯಾಟಿನ್ ‘ಡೋಮುಸ್’ನಿಂದ ಬಂದದ್ದು, ದೇವರ ಮನೆ. ಆ ಕಟ್ಟಡಕ್ಕೆ ಗುಮ್ಮಟವೇ ಇಲ್ಲ. ಇರುವುದು 157 ಮೀಟರ್ ಎತ್ತರದ ಎರಡು ಚೂಪು ಗೋಪುರ.

ಇನ್ನು ‘ಹಾರುವ’. ಅಲ್ಲಿ ಏನೂ ಹಾರುತ್ತಿಲ್ಲ. ಒಳಗಿನ ಕಲ್ಲಿನ ಚಾವಣಿ ನೆಲದಿಂದ 43 ಮೀಟರ್ ಮೇಲಿದೆ, ಗೋಡೆಯ ಬಹುಭಾಗ ಗಾಜು. ಚಾವಣಿ ಕೆಳಕ್ಕಷ್ಟೇ ಅಲ್ಲ, ಹೊರಕ್ಕೂ ತಳ್ಳುತ್ತದೆ. ಗಾಜಿನ ಗೋಡೆ ಆ ತಳ್ಳನ್ನು ತಡೆಯಲಾರದು. ಅದಕ್ಕೇ ಹೊರಗೆ ದಪ್ಪ ಕಂಬಗೋಡೆ ಎಬ್ಬಿಸಿ, ಅಲ್ಲಿಂದ ಗೋಡೆಗೆ ಅರ್ಧ ಕಮಾನು ಹಾಯಿಸಿದ್ದಾರೆ. ನೇವ್‌ನ ಆಚೀಚೆ ಪಕ್ಕದ ಸಾಲುಗಳು ಎರಡೆರಡು ಇರುವುದರಿಂದ ಕಮಾನು ಒಂದೇ ನೆಗೆತಕ್ಕೆ ದಾಟದೆ ನಡುವೆ ಇನ್ನೊಂದು ಕಂಬದ ಮೇಲೆ ಕಾಲೂರುತ್ತದೆ. ಮೇಲೊಂದು ಕೆಳಗೊಂದು, ಎರಡು ಅಂತಸ್ತು. ಕನ್ನಡದಲ್ಲಿ ‘ಒತ್ತು’ ಎಂದರೆ ಅದುಮುವುದೂ ಹೌದು, ಆಸರೆ ಕೊಡುವುದೂ ಹೌದು. ‘ಒತ್ತಾಸೆ’ ಪದ ಕೈಯಲ್ಲೇ ಇದೆ. ಒತ್ತಾಸೆ ಕಮಾನು ಎಂದು ಬರೆಯಿರಿ, ಸಾಕು.

ನವರಂಗ ಬೇಡ. ನಾಲ್ಕು ಕಂಬ, ಒಂಬತ್ತು ಅಂಕಣ, ಚೌಕ: ಅದು ನವರಂಗ. ನೇವ್ ಉದ್ದನೆಯ ಸಾಲು. ಪಕ್ಕದ ಸಾಲುಗಳ ಎತ್ತರ ಇದರ ಅರ್ಧದಷ್ಟೂ ಇಲ್ಲ. ನಡುಸಾಲು ಅನ್ನಿ. ಲ್ಯಾಟಿನ್ ಮೂಲ ಹಿಡಿದು ‘ಹಡಗು’ ಎನ್ನುವವರು ಯಾರಾದರೂ ಬರುತ್ತಾರೆ, ಕಿವಿಗೊಡಬೇಡಿ.

ಅರಿವಿಗ:
ಕಮಾನು ಪಾರಸಿ ಪದ. ಅದನ್ನು ರದ್ದು ಮಾಡಿ. ಬಿಲ್ಲು ಎಂಬ ನಮ್ಮದೇ ಪದ ಇರುವಾಗ ಆ ಜಾಗದಲ್ಲಿ ಹೊರಗಿನದು ಯಾಕೆ? ‘ಒತ್ತುಬಿಲ್ಲು’ ಎನ್ನಿ. ಪ್ರದಕ್ಶಿಣಾಪತ, ವಿಕಾರಮುಕ ಇವೆಲ್ಲ ಸಕ್ಕದದ ಹೊರೆ. ಕನ್ನಡದ ಬೇರಿನಿಂದ ಹುಟ್ಟಿದ ಪದಗಳನ್ನೇ ಓದುಗರ ಮುಂದಿಡಬೇಕು.

ವಿ.ಡಿ.:
ಕನ್ನಡ ಕ್ರೈಸ್ತರು ದಿನವೂ ಆಡುವ ಪದಗಳನ್ನು ಇಲ್ಲಿ ಯಾರೂ ಕೇಳಲೇ ಇಲ್ಲ. ಕೆಥೀಡ್ರಲ್‌ಗೆ ‘ಪ್ರಧಾನಾಲಯ’ ಎನ್ನುತ್ತೇವೆ. ಪೂಜೆ ನಡೆಯುವ ಮೇಜು ‘ಬಲಿಪೀಠ’. ಇದನ್ನು ಬಳಸುವುದಾದರೆ ಚಿತ್ರದ ಪಕ್ಕದಲ್ಲೇ ಹಾಕಿ, ಇಲ್ಲವಾದರೆ ಓದುಗರು ಧ್ವಜಸ್ತಂಭದ ಹತ್ತಿರದ ಕಲ್ಲನ್ನು ನೆನೆದು ಬಾಗಿಲ ಹೊರಗೆ ಹುಡುಕುತ್ತಾರೆ.

ಕ್ವಾಯರ್‌ಗೆ ಗರ್ಭಗುಡಿ ಸಲ್ಲದು. ಗರ್ಭಗುಡಿ ಕಿರಿದು, ಕತ್ತಲೆ, ಅರ್ಚಕರಿಗೆ ಮಾತ್ರ. ಇಲ್ಲಿ ಅದು ಅತಿ ಬೆಳಕಿನ ಭಾಗ. ಗುರುಗಳು (ಪಾದ್ರಿಗಳು) ಕೂತು ಹಾಡುತ್ತಿದ್ದ ಓಕ್ ಮರದ 104 ಪೀಠಗಳು ಅಲ್ಲಿವೆ. ‘ಗಾಯನವೃಂದ’ ಎಂದರೆ ಹಾಡುವವರಾಗುತ್ತದೆ, ಸ್ಥಳವಾಗುವುದಿಲ್ಲ. ಗುರುಗಳ ಅಂಕಣ ಎಂದಿಡಿ.

ಆಂಬ್ಯುಲೇಟರಿಗೆ ಪ್ರದಕ್ಷಿಣಾಪಥ ಹತ್ತಿರದ ಪದವೇ. ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳದೆಂದು ನಂಬುವ ಅಸ್ಥಿಯ ಚಿನ್ನದ ಪೆಟ್ಟಿಗೆ ಬಲಿಪೀಠದ ಹಿಂದಿದೆ, ಯಾತ್ರಿಕರು ಅದನ್ನು ಬಳಸಿ ನಡೆಯಲಿಕ್ಕೇ ಆ ದಾರಿ. ಆದರೆ ಬಲಕ್ಕೆ ಬಿಟ್ಟು ಸುತ್ತಬೇಕೆಂಬ ವಿಧಿ ಇಲ್ಲ, ದಾರಿಯುದ್ದಕ್ಕೂ ಏಳು ಚಿಕ್ಕ ಪ್ರಾರ್ಥನಾಲಯಗಳಿವೆ. ಸುತ್ತುಹಾದಿ ಸಾಕು. ಪೂಜೆಯ ಹೊತ್ತಿನಲ್ಲಿ ನೋಡುಗರಿಗೆ ಓಡಾಟವಿಲ್ಲ ಎಂಬುದನ್ನು ಅದರ ಕೆಳಗೇ ಅಚ್ಚು ಹಾಕಿಸಿ.

ಕೆ.ವಿ.:
ಅರಿವಿಗರೇ, ಪಾರ್ಸಿಯಲ್ಲೂ ಕಮಾನು ಎಂದರೆ ಬಿಲ್ಲೇ. ನೀವು ಮಾಡಿದ್ದು ಅನುವಾದ, ಶುದ್ಧೀಕರಣವಲ್ಲ. ಅಂದಹಾಗೆ ನಿಮ್ಮ ನಾಲ್ಕು ಸಾಲಿನಲ್ಲಿ ‘ಜಾಗ’ ಪಾರ್ಸಿ, ‘ರದ್ದು’ ಅರಬ್ಬಿ. ನಮ್ಮ ಹಳೆಯ ಗುಡಿಗಳು ಕಂಬದ ಮೇಲೆ ತೊಲೆ ಇಟ್ಟು ಕಟ್ಟಿದವು. ನಿಜವಾದ ಕಮಾನು ಬಂದದ್ದು ಸುಲ್ತಾನರ ಕಾಲದ ಕಟ್ಟುವವರೊಡನೆ, ಹೆಸರೂ ಅವರ ಜೊತೆಯಲ್ಲೇ ಬಂತು. ವಿಜಯಪುರದ ಗೋಲಗುಮ್ಮಟದೊಳಗೆ ಒಂದನ್ನೊಂದು ಕತ್ತರಿಸುವ ಎಂಟು ಚೂಪು ಕಮಾನುಗಳು 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತಿವೆ. ಅಲ್ಲಿ ಹೋಗಿ ‘ಬಿಲ್ಲು’ ಎಂದು ತೋರಿಸಿ, ಜನ ಬಾಣ ಎಲ್ಲಿ ಎನ್ನುತ್ತಾರೆ.

ಅರಿವಿಗ:
ಹಳೆಯ ಎರವಲನ್ನು ತೋರಿಸಿ ಹೊಸ ಎರವಲಿಗೆ ಬಾಗಿಲು ತೆರೆಯುವುದು ವಾದವಲ್ಲ. ಸುತ್ತುಹಾದಿ, ನಡುಸಾಲು, ಒತ್ತಾಸೆ: ಇಲ್ಲಿ ನಿಂತ ಮೂರೂ ಕನ್ನಡದವೇ ಎಂಬುದನ್ನು ಗಮನಿಸಿ. ಗಾರ್ಗಾಯ್ಲ್‌ಗೆ ನೀರುಬಾಯಿ. ಅದರ ಪ್ರೆಂಚ್ ಬೇರಿಗೂ ಗಂಟಲು ಎಂದೇ ಹುರುಳು.

ವಿ.ಡಿ.:
ನೀರುಬಾಯಿ ಚೆನ್ನಾಗಿದೆ. ‘ವಿಕಾರಮುಖ’ ಎಂದರೆ ಗೋಡೆಯ ಮೇಲಿನ ಪ್ರತಿ ಮೃಗಕ್ಕೂ ಅಂಟುತ್ತದೆ. ನೀರು ಉಗುಳಿದರೆ ಮಾತ್ರ ಗಾರ್ಗಾಯ್ಲ್. ಮಳೆನೀರು ಗೋಡೆಗುಂಟ ಇಳಿದು ಗಾರೆ ತೊಳೆಯದಂತೆ ದೂರಕ್ಕೆ ಚೆಲ್ಲುವುದು ಅದರ ಕೆಲಸ. ನಮ್ಮ ಗುಡಿಯ ಪ್ರಣಾಲವೂ ಮಕರದ ಬಾಯಿಯಿಂದ ನೀರು ಬಿಡುತ್ತದೆ, ಆದರೆ ಅದು ಅಭಿಷೇಕದ ನೀರು. ಆ ಪದ ತಂದರೆ ಭಕ್ತರು ತೀರ್ಥವೆಂದು ಕೈಯೊಡ್ಡಿಯಾರು.

ಸು.ರಾ.:
ಉಪಕಾರವಾಯಿತು. ಐದೂ ಸಿಕ್ಕವು. ಶೀರ್ಷಿಕೆ ‘ಕ್ಯೋಲ್ನ್ ಪ್ರಧಾನಾಲಯ’. ದಕ್ಷಿಣ ಗೋಪುರದ ಬಾಗಿಲಿಗೆ ‘533 ಮೆಟ್ಟಿಲು, ಲಿಫ್ಟ್ ಇಲ್ಲ’ ಎಂದೇ ಹಾಕಿದ್ದೇನೆ. ಲಿಫ್ಟ್‌ಗೆ ಬೇರೆ ಪದ ದಯವಿಟ್ಟು ಕಳಿಸಬೇಡಿ. ಕಾಲಪಟ್ಟಿಯಲ್ಲಿ ‘1248ರಿಂದ 1880ರವರೆಗೆ ಕಟ್ಟಿದರು’ ಎಂದಿದೆ, ಸರಿ ತಾನೇ? ಒಂದೇ ಒಂದು ಉಳಿಯಿತು: ಕಂಬಗೋಡೆಗಳ ತಲೆಯ ಮೇಲಿನ ಪುಟ್ಟ ಚೂಪು ಗೋಪುರ, ಪಿನಾಕಲ್. ‘ಕಳಶ’ ಎಂದಿದ್ದೇನೆ.

ಅರಿವಿಗ:
ಲಿಫ್ಟ್: ಏರುಗೂಡು.

ಕೆ.ವಿ.:
ಕಾಲಪಟ್ಟಿ ತಿದ್ದಿ. ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತುಹೋಯಿತು, ಮತ್ತೆ ಶುರುವಾದದ್ದು 1842ರಲ್ಲಿ. ಅಷ್ಟೂ ಕಾಲ ದಕ್ಷಿಣ ಗೋಪುರ ಮೊಂಡಾಗಿತ್ತು, ತಲೆಯ ಮೇಲೊಂದು ಮರದ ಕ್ರೇನು. ‘ರವರೆಗೆ’ ಎಂದರೆ 632 ವರ್ಷ ಬಿಡದೆ ಕಲ್ಲು ಹೊತ್ತಂತಾಯಿತು.

ಪಿನಾಕಲ್‌ಗೆ ಕಳಶ ಬೇಡ. ಕಳಶ ಸಾಮಾನ್ಯವಾಗಿ ಲೋಹದ್ದು, ಒಳಗೆ ಪೊಳ್ಳು, ಇಟ್ಟದ್ದು ಶೋಭೆಗೆ ಮತ್ತು ಶಾಸ್ತ್ರಕ್ಕೆ. ಇದು ಗಟ್ಟಿ ಕಲ್ಲು, ಇದರ ಭಾರವೇ ಇದರ ಕೆಲಸ: ಕಮಾನು ಪಕ್ಕಕ್ಕೆ ತಂದ ತಳ್ಳನ್ನು ಕೆಳಕ್ಕೆ ತಿರುಗಿಸುತ್ತದೆ. ತೆಗೆದರೆ ಕಂಬಗೋಡೆ ಹೊರಕ್ಕೆ ವಾಲುವ ಅಪಾಯ ಹೆಚ್ಚು. ‘ಹೇರುಗಲ್ಲು’ ಎನ್ನಿ. ನೋಡುವವರನ್ನು ದಕ್ಷಿಣ ಬದಿಗೆ ಕಳಿಸಿ, ಕೆತ್ತನೆ ಆ ಕಡೆ ಹೆಚ್ಚು, ಉತ್ತರದ್ದು ಸಾದಾ.